ಜಪಾನಿ ಅಮ್ಮನ ಹೊಗೆ ಮೂಲಂಗಿ

ನಾನು ಬಾಯಿ ಬಿಟ್ಟ ಕಡೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತೆ. ಮೈಸೂರಿನಲ್ಲೂ ಆಗುತ್ತಿತ್ತು, ಮಗಳ ಜೊತೆ ಸ್ವೀಡನ್ನಿಗೆ ಬಂದ ಮೇಲೂ ನಿಂತಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟು ಸೌಟು ಹಿಡಿದವನು ನಾನು. ನಲವತ್ತು ವರ್ಷ ಮದುವೆ ಅಡುಗೆ ಮಾಡಿದ್ದೇನೆ. ನನ್ನ ಸಾರಿನ ಘಮಕ್ಕೆ ಊರಾಚೆ ಹೋಗುತ್ತಿದ್ದ ರೈಲು ನಿಂತದ್ದುಂಟು. ಅಂಥವನ ಮಾನವನ್ನು ಒಂದು ಮೂಲಂಗಿ ಹೇಗೆ ಕಳೆಯಿತು ಅಂತ ಬರೆಯೋಕೆ ನಾಚಿಕೆಯಾಗುತ್ತೆ. ಆದರೂ ಬರೆಯುತ್ತೇನೆ. ಮಗಳು ಹೇಳಿದರೆ ಇನ್ನೂ ಕೆಟ್ಟದಾಗಿ ಹೇಳುತ್ತಾಳೆ.

೧. ಸೀದ ವಾಸನೆ

ಮಗಳು ಟೋರ್ಸ್‌ಲಾಂಡದ ಕಾರ್ ಫ್ಯಾಕ್ಟರಿಯಲ್ಲಿ ಎಂಜಿನಿಯರು. ನಮ್ಮ ಕೆಳಗಿನ ಮನೆಯಲ್ಲಿ ನನ್ನ ವಯಸ್ಸಿನ ಒಬ್ಬ ಜಪಾನಿ ಅಮ್ಮ ಇದ್ದಾರೆ. ಮದುವೆಯಾಗಿ ಬಂದು ಈ ದೇಶದಲ್ಲೇ ತಲೆ ನರೆತವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ. ಅವರಿಗೆ ಬರೋದು ಜಪಾನಿ ಮತ್ತು ಸ್ವೀಡಿಶ್, ನನಗೆ ಬರೋದು ಕನ್ನಡ. ನಡುವೆ ಮಗಳು.

ಒಂದು ಭಾನುವಾರ ಫೀಕಾಕ್ಕೆ, ಅಂದರೆ ಇಲ್ಲಿಯವರ ಕಾಫಿ ಹೊತ್ತಿಗೆ, ನಮ್ಮನ್ನು ಕರೆದರು. ಪುಟ್ಟ ತಟ್ಟೆಯಲ್ಲಿ ಕಂದು ಅಂಚಿನ ತೆಳು ಬಿಲ್ಲೆಗಳು. ಮೂಲಂಗಿ ಉಪ್ಪಿನಕಾಯಿಯಂತೆ. ಬಾಯಿಗೆ ಹಾಕಿದೆ. ಕರುಮ್ ಅಂತು, ಜೊತೆಗೇ ಮೂಗಿನ ತುಂಬ ಹೊಗೆ. ಮದುವೆ ಅಡುಗೆಯವನಿಗೆ ಹೊಗೆ ವಾಸನೆ ಅಂದರೆ ಜೀವ ಹೋದ ಹಾಗೆ. ಒಂದು ಸಲ ಪಾಯಸ ತಳ ಹಿಡಿದದ್ದಕ್ಕೆ ನಾನು ಹಿತ್ತಲ ಬಾಗಿಲಿನಿಂದ ಓಡಿದ್ದೇನೆ.

ಪಾಪ ಅನ್ನಿಸಿತು. "ಬೇಜಾರು ಮಾಡ್ಕೋಬೇಡಿ ಅಂತ ಹೇಳಮ್ಮ. ಹೊಸಬರ ಕೈಯಲ್ಲಿ ಸೀಯೋದು ಸಹಜ. ಎರಡು ವೀಳ್ಯದೆಲೆ ಹಾಕಿಟ್ಟರೆ ವಾಸನೆ ಎಳೆದುಕೊಳ್ಳುತ್ತೆ."

ಮಗಳು ಸ್ವೀಡಿಶ್‌ನಲ್ಲಿ ಏನೋ ಅಂದಳು. ಆಯಮ್ಮ ಕೈ ಜೋಡಿಸಿ ಬಗ್ಗಿದರು. ಮೆಟ್ಟಿಲು ಹತ್ತುವಾಗ ಮಗಳು ಹೇಳಿದಳು: "ಅಪ್ಪ, ಅದು ಸೀದದ್ದಲ್ಲ. ಅವರ ಊರು ಅಕಿತಾ ಅಂತ. ಅಲ್ಲಿ ಮೂಲಂಗಿ ಬಿಸಿಲಲ್ಲಿ ಒಣಗೋ ಮೊದಲೇ ಹಿಮ ಬೀಳುತ್ತೆ. ಅದಕ್ಕೆ ಒಲೆ ಮೇಲೆ ನೇತುಹಾಕಿ ಹೊಗೆಯಲ್ಲಿ ಒಣಗಿಸ್ತಾರೆ. ಇಬುರಿಗಕ್ಕೊ ಅಂತ ಹೆಸರು. ಅದಕ್ಕೆ ಆ ಊರೇ ಫೇಮಸ್ಸು."

"ಮತ್ತೆ ನೀನು ಏನಂದೆ?"

"ನಮ್ಮಪ್ಪನಿಗೆ ಮಾತೇ ಹೊರಡ್ತಿಲ್ಲ ಅಂದೆ."

೨. ಏಣಿ ಹಾಕಿದ ಜಾಡಿ

ಮುಂದಿನ ವಾರ ಸರಿಮಾಡೋಣ ಅಂತ ಹೋದೆ. ಉಪ್ಪಿನಕಾಯಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಅಂತ ಶುರುಮಾಡಿದೆ. ಒಂದು ಮದುವೆಗೆ ಇಟ್ಟ ಜಾಡಿಗೆ ಏಣಿ ಹಾಕಿ ಇಳಿಯಬೇಕಿತ್ತು. ಮಾವಿನಕಾಯಿ ಕಲಸೋಕೆ ಇಳಿದ ನನ್ನ ಷಡ್ಡಕ ಮಧ್ಯಾಹ್ನವಾದರೂ ಮೇಲೆ ಬರಲಿಲ್ಲ. ಕೂಗಿದರೆ ಒಳಗಿಂದ, "ಒಂದು ಬಕೆಟ್ ಮೊಸರನ್ನ ಇಳಿಸಿ" ಅಂದ. ಹೊಗೆ ಹಾಕೋದೂ ನನಗೆ ನೀರು ಕುಡಿದಷ್ಟು ಸುಲಭ ಅಂತ ಸೇರಿಸಿದೆ.

ಮಗಳು ಅಷ್ಟನ್ನೂ ಚಾಚೂ ತಪ್ಪದೆ ಹೇಳಿಬಿಟ್ಟಳು, ಹಿಂದಿನ ಸಲದ ಕೋಪಕ್ಕೆ.

ಆಯಮ್ಮನ ಕಣ್ಣು ಅರಳಿತು. ಹನ್ನೆರಡು ವರ್ಷದಿಂದ ನೋಡದ ಅವರಕ್ಕ ಇನ್ನೆರಡು ತಿಂಗಳಿಗೆ ಊರಿಂದ ಬರುತ್ತಾರಂತೆ. ಭಾರಿ ಬಿಗಿ ಹೆಂಗಸು. ತಂಗಿಯ ಮೂಲಂಗಿ ತಿಂದು, ಇವಳಿನ್ನೂ ನಮ್ಮ ಮನೆ ಮಗಳಾಗಿ ಉಳಿದಿದ್ದಾಳೋ ಇಲ್ಲವೋ ಅಂತ ತೀರ್ಮಾನ ಮಾಡುವವರಂತೆ. ಇವರಿಗೋ ಮಂಡಿ ನೋವು. ಕೊಮ್ಯೂನಿನವರು, ಅಂದರೆ ಇಲ್ಲಿಯ ಮುನಿಸಿಪಾಲಿಟಿಯವರು, ತರಕಾರಿ ಬೆಳೆಯೋಕೆ ಕೊಟ್ಟ ತೋಟದಲ್ಲಿ ಇವರ ಶೆಡ್ ಇದೆ. "ನಾಲ್ಕು ದಿನ ಬೆಂಕಿ ನೋಡ್ಕೋತೀರಾ?" ಅಂತ ಕೇಳಿದರು.

ಆಗ ಮಂಡಿ ನೋವು ನನಗೂ ಬಂತು. ಆದರೆ ಅದನ್ನು ಮಗಳು ಹೇಳಲೇ ಇಲ್ಲ.

೩. ಉರಿಯಿಲ್ಲದ ಒಲೆ

ಶೆಡ್ಡಿನ ಸೂರಿನಿಂದ ಮೂಲಂಗಿಗಳನ್ನು ಹಗ್ಗದಲ್ಲಿ ಕಟ್ಟಿ ಇಳಿಬಿಟ್ಟಿದ್ದರು. ಕೆಳಗೆ ಚೆರ್ರಿ ಮರದ ಕೊರಡು. ಹೊಗೆ ಮಾತ್ರ ಬರಬೇಕು, ಉರಿ ಏಳಬಾರದು ಅಂತ ಮೂರು ಸಲ ಹೇಳಿ ಹೋದರು.

ಮೊದಲ ದಿನ ತಡೆದುಕೊಂಡೆ. ಎರಡನೇ ದಿನ ಕೈ ಕೇಳಲಿಲ್ಲ. ನಲವತ್ತು ವರ್ಷ ಉರಿ ಎಬ್ಬಿಸಿದ ಮನುಷ್ಯ ಬರೀ ಹೊಗೆಯಾಡೋ ಒಲೆ ಮುಂದೆ ಸುಮ್ಮನೆ ಕೂರೋದು ಹೇಗೆ? ಎರಡು ಸಲ ಊದಿದೆ, ಅಷ್ಟೇ. ಧಗ್ಗಂತ ಎದ್ದಿತು. ಆರಿಸೋ ಹೊತ್ತಿಗೆ ಕೆಳಸಾಲಿನ ಎಂಟು ಮೂಲಂಗಿ ಬೆಂದು ಬಾವಲಿಗಳ ಹಾಗೆ ಜೋತಿದ್ದವು.

ಎಂಟನ್ನೂ ಕೋಟಿನೊಳಗೆ ಸೇರಿಸಿ ಮನೆಗೆ ತಂದು ಹುಳಿ ಮಾಡಿದೆ. ಎರಡನೇ ತುತ್ತಿಗೆ ಮಗಳು ನಿಲ್ಲಿಸಿದಳು. "ಅಪ್ಪ, ಹುಳಿ ಯಾಕೆ ಹೀಗೆ ಹೊಗೆ ಹೊಡೀತಿದೆ?"

"ವೀಳ್ಯದೆಲೆ ಹಾಕೋಕೆ ಮರೆತೆ" ಅಂದೆ.

೪. ದನದ ತೌಡು

ಉಳಿದವನ್ನು ಆಯಮ್ಮ ಪೀಪಾಯಿಗೆ ತುಂಬಿ, ಮೇಲೆ ಕಲ್ಲು ಹೇರಿ, ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ಇಟ್ಟರು. ಆಮೇಲೆ ಮಂಡಿ ಆಪರೇಷನ್ನಿಗೆ ಹೋದರು. ಹೋಗುವಾಗ ಬೀಗದ ಕೈ ನನಗೇ ಕೊಟ್ಟರು. ಕಲ್ಲು ಸರಿದಿದೆಯಾ ನೋಡಬೇಕು, ಮುಚ್ಚಳ ತೆಗೆಯಬಾರದು.

ತೆಗೆದೆ. ನೋಡಿದರೆ ಒಳಗೆ ಅಕ್ಕಿ ತೌಡು. ಹೌದು ಸ್ವಾಮಿ, ಎಮ್ಮೆಗೆ ಕಲಸಿಡುವ ತೌಡು. ಅದಕ್ಕೆ ಉಪ್ಪು, ಸಕ್ಕರೆ, ಮುಗಿಯಿತು. ಖಾರವಿಲ್ಲ, ಸಾಸಿವೆಯಿಲ್ಲ, ಎಣ್ಣೆಯ ಸುಳಿವಿಲ್ಲ. ಪರದೇಶದಲ್ಲಿ ಒಂಟಿ ಹೆಂಗಸು, ಬರೋದು ಬಿಗಿ ಅಕ್ಕ, ಇಡೋದು ತೌಡಿನ ಮೂಲಂಗಿ.

ಮೇಲೆ ಹೋಗಿ ಬ್ಯಾಡಗಿ ಮೆಣಸಿನ ಪುಡಿ, ಹುರಿದ ಸಾಸಿವೆ ಪುಡಿ, ಇಂಗು ತಂದು ಸುರಿದು, ಕಾದ ಎಳ್ಳೆಣ್ಣೆ ಹೊಯ್ದೆ. ಕಲಸಿದರೆ, ದೇವರೇ, ತೌಡು ಎಣ್ಣೆ ಕುಡಿದು ಸಿಮೆಂಟಾಯಿತು. ನಾಲ್ಕು ಮೂಲಂಗಿಗೆ ಮಾತ್ರ ಖಾರ ತಾಗಿದೆ, ಮಿಕ್ಕವು ಗೋಡೆಗೆ ಇಟ್ಟ ಇಟ್ಟಿಗೆಯ ಹಾಗೆ ಕೂತಿವೆ. ಮುಚ್ಚಳ ಹಾಕಿ, ಕಲ್ಲನ್ನು ಮಾತ್ರ ಬಹಳ ನೇರವಾಗಿ ಇಟ್ಟೆ.

ಆಯಮ್ಮ ವಾಪಸು ಬಂದರು. ಬೀಗದ ಕೈ ಇಸಿದುಕೊಂಡು ಬಗ್ಗಿ ನಮಸ್ಕಾರ ಮಾಡಿದರು. ಪೀಪಾಯಿ ತೆಗೆದು ನೋಡಿದರೋ ಇಲ್ಲವೋ ತಿಳಿಯದೆ ನನಗೆ ಅನ್ನ ಸೇರಲಿಲ್ಲ.

೫. ಅಕ್ಕನ ತೀರ್ಪು

ಅಕ್ಕ ಬಂದ ದಿನ ಬೆಳಿಗ್ಗೆ ಮಗಳ ಮುಂದೆ ಎಲ್ಲಾ ಕಕ್ಕಿದೆ. ಅವಳು ತಲೆ ಹಿಡಿದು ಕೂತಳು. "ನಡಿ. ಅವರು ಬಾಯಿಗಿಡೋ ಮೊದಲು ತಪ್ಪಾಯ್ತು ಅನ್ನು."

ಹೋಗೋ ಹೊತ್ತಿಗೆ ತಟ್ಟೆ ಆಗಲೇ ಮುಂದಿತ್ತು. ಕಡ್ಡಿಯ ಹಾಗೆ ನೆಟ್ಟಗೆ ಕೂತಿದ್ದ ಅಕ್ಕ ಒಂದು ಬಿಲ್ಲೆ ಎತ್ತಿ ಬಾಯಿಗಿಟ್ಟರು. ಕರುಮ್. ಕಣ್ಣು ಮುಚ್ಚಿದರು. ನಾನು ಮಗಳ ತೋಳು ಹಿಡಿದುಕೊಂಡೆ. ಅಕ್ಕ ಕಣ್ಣು ಬಿಟ್ಟು, ತಂಗಿಯ ಕೈ ಮೇಲೆ ಕೈಯಿಟ್ಟು ಏನೋ ಹೇಳಿದರು. ತಂಗಿ ಅತ್ತುಬಿಟ್ಟರು.

ಮಗಳು ಕೇಳಿ ತಿಳಿದು ಪಿಸುಗುಟ್ಟಿದಳು. "ನಮ್ಮಮ್ಮನ ಕೈರುಚಿ ಹಾಗೇ ಇದೆ ಅಂದ್ರಂತೆ."

ಬರೆಯೋಕೆ ನಾಚಿಕೆಯಾಗೋದು ಇಲ್ಲೇ. ತಪ್ಪಾಯ್ತು ಅನ್ನೋಕೆ ಹೋದವನು ಎದೆ ಸೆಟೆಸಿ, "ಇಂಗು ಹಾಕಿದ್ದು ನಾನೇ ಅಂತ ಹೇಳಮ್ಮ" ಅಂದೆ.

ಮಗಳು ಹೇಳಿದಳು. ಜಪಾನಿ ಅಮ್ಮ ಕಣ್ಣೊರೆಸಿಕೊಂಡು, ಊರುಗೋಲು ಹಿಡಿದು ನಮ್ಮನ್ನು ಬಾಲ್ಕನಿಗೆ ಕರೆದುಕೊಂಡು ಹೋದರು. ಅಲ್ಲಿ ಇನ್ನೊಂದು ಪೀಪಾಯಿ. ಅಕ್ಕನಿಗೆ ಅಂತ ನೆಟ್ಟನೆಯ ಮೂಲಂಗಿಗಳನ್ನು ನಾನು ಶೆಡ್ಡಿಗೆ ಕಾಲಿಡುವ ಮೊದಲೇ ಹೊಗೆ ಹಾಕಿ ಮುಗಿಸಿದ್ದರಂತೆ. ನನಗೆ ಒಪ್ಪಿಸಿದ್ದು ಡೊಂಕು, ಸೀಳುಬಿಟ್ಟವು.

ನಾನೂ ಇದನ್ನೇ ಮಾಡುತ್ತಿದ್ದೆ. ಅಡುಗೆಮನೆಗೆ ನುಗ್ಗಿ ಅಧಿಕಾರ ಮಾಡುವ ಹೆಣ್ಣಿನ ಸೋದರಮಾವನಿಗೆ ಒಂದು ಸೌಟು ಕೊಟ್ಟು, ಬಿಸಿನೀರಿನ ಹಂಡೆ ತಿರುವೋಕೆ ಕೂರಿಸುತ್ತಿದ್ದೆ. ನಲವತ್ತು ವರ್ಷದಲ್ಲಿ ಒಬ್ಬನಿಗೂ ಗೊತ್ತಾಗಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಉಳಿದುಕೊಳ್ಳುತ್ತಿದ್ದೆ. ಅಕ್ಕ ನನ್ನದನ್ನೂ ತಿನ್ನಬೇಕು ಅಂದರು. ಮಗಳು ನೆಲಮಾಳಿಗೆಗೆ ಇಳಿದು, ಸಿಮೆಂಟು ಒಡೆದು ಒಂದು ಬಿಲ್ಲೆ ತಂದಳು. ಅಕ್ಕ ತಿಂದರು. ಮೂರು ಲೋಟ ನೀರು ಕುಡಿದರು. ಆಮೇಲೆ ನನ್ನನ್ನೇ ನೋಡುತ್ತ ಬಹಳ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು. ತಂಗಿ ಅದನ್ನು ಸ್ವೀಡಿಶ್ ಮಾಡಿದರು, ಮಗಳು ಏನೋ ಉತ್ತರ ಕೊಟ್ಟಳು.

"ಏನಮ್ಮ ಕೇಳಿದ್ದು?"

"ಈ ಯಜಮಾನರು ಊರಲ್ಲಿ ಏನು ಕೆಲಸ ಮಾಡ್ತಿದ್ರು ಅಂತ."

"ನೀನು ಏನಂದೆ?"

ಮಗಳು ನೆಲ ನೋಡಿದಳು. "ಬಸ್ ಓಡಿಸ್ತಿದ್ರು ಅಂದೆ, ಅಪ್ಪ."