ನಲ್ಲಿಯ ಹಿಂದಿನ ಹಿರಿಯಜ್ಜಿ

ಮುದುಕನಿಗೆ ಅರಳುಮರಳು ಅಂತ ಗೊಣಗಿದವರು ಯಾರು? ನಿನ್ನೆ ಉಂಡದ್ದು ಮರೆತಿರಬಹುದು. ಅಂಟಣ್ಣನ ಆ ಮಂಗಳವಾರ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ತೆಪ್ಪಗೆ ಕೇಳಿ.

ನಮ್ಮ ಸಸ್ಯ ಸಂಶೋಧನಾಲಯದಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಪಾಟಿನಲ್ಲಿಡುವುದು ಅಂಟಣ್ಣನ ಕೆಲಸ. ಹನ್ನೊಂದು ವರ್ಷದಿಂದ ಹಂಗಾಮಿ. ಅಂದು ಸಂಜೆ ದೊಡ್ಡ ಮೇಡಂ ಅವನ ಕಾಯಂ ಆದೇಶಕ್ಕೆ ಸಹಿ ಹಾಕುವವರಿದ್ದರು.

ಬೆಳಿಗ್ಗೆ ಮೇಡಂ ಹೇಳಿದರು: "ನೂರು ವರ್ಷದ ಹಿಂದೆ ದೂರದ ದ್ವೀಪದಿಂದ ತಂದ ಆ ಗಿಡದ್ದು ಒಂದೇ ಎಲೆ ಉಳಿದಿರೋದು. ವಂಶ ಪರೀಕ್ಷೆ ಮಾಡೋಕೆ ಹುಷಾರಾಗಿ ಯಂತ್ರದ ಕೋಣೆಗೆ ಕೊಡು. ದಾಸವಾಳ, ಬೆಂಡೆ, ಹತ್ತಿ ಎಲ್ಲ ಒಂದೇ ಮನೆತನ ಕಣಯ್ಯ. ಅವುಗಳ ತವರು ಎಲ್ಲಿ ಅಂತ ಇದೇ ಹೇಳ್ಬೇಕು."

ಅಂಟಣ್ಣ ಹಾಳೆ ಬಿಚ್ಚಿದ. ನೂರು ವರ್ಷದ ಧೂಳು ಮೂಗಿಗೆ ಹೊಕ್ಕಿತು. ಒಂದೇ ಸೀನು! ಎಲೆ ನಶ್ಯದ ಪುಡಿಯಾಗಿ ಫ್ಯಾನಿನ ಗಾಳಿಗೆ ದಿಕ್ಕುಪಾಲಾಯಿತು.

"ಅಯ್ಯೋ ತಮ್ಮಾ, ಕೆಲಸ ಹೋಯ್ತಲ್ಲೋ!" ಬಾಗಿಲಲ್ಲಿ ಟೈಪಿಸ್ಟ್ ಅಕ್ಕ. "ಹಿಂದ್ಗಡೆ ನಲ್ಲಿ ಹತ್ರ ಅಂಥದೇ ಕಳೆ ಇದೆ. ಒಂದೆಲೆ ಒಣಗ್ಸಿ ಕೊಟ್ಬಿಡು. ಎಲೆಗೇನು ಬಾಯಿದ್ಯಾ?"

ಕೊಟ್ಟೇಬಿಟ್ಟ.

ಸಂಜೆ ಮೇಡಂ ಕೋಣೆಯಿಂದ ಚೀರಾಟ. ಎಲ್ಲರೂ ಓಡಿದರು. ಪರದೆಯ ಮೇಲೆ ವಂಶವೃಕ್ಷ. ಮೇಡಂ ಕಣ್ಣಲ್ಲಿ ನೀರು.

"ನೋಡ್ರೋ! ದಾಸವಾಳ, ಹತ್ತಿ ಹುಟ್ಟೋಕೆ ಮುಂಚೇನೇ ಇದು ಕವಲೊಡೆದು ಬೇರೆ ಹೋಗಿದೆ. ಕೋಟಿಗಟ್ಟಲೆ ವರ್ಷ ಒಂಟಿಯಾಗಿ ಬದುಕಿದೆ. ನಾವು ಉಟ್ಟ ಬಟ್ಟೆ, ಮುಡಿದ ಹೂವು, ಎಲ್ಲಕ್ಕೂ ಇದು ಹಿರಿಯಜ್ಜಿ!"

ಅಂಟಣ್ಣ ತನ್ನ ಹತ್ತಿ ಅಂಗಿಯ ತೋಳು ಮುಟ್ಟಿ ನೋಡಿಕೊಂಡ.

"ನಾಳೇನೇ ಆ ದ್ವೀಪಕ್ಕೆ ಹೊರಡೋಣ. ಹಡಗಲ್ಲಿ ಹದಿನೆಂಟು ದಿನ!"

ಅಂಟಣ್ಣನಿಗೆ ಇನ್ನು ತಡೆಯಲಾಗಲಿಲ್ಲ. "ಮೇಡಂ, ಹಡಗು ಬೇಡ. ಅದು... ನಲ್ಲಿ ಹತ್ರದ್ದು." ಸೀನಿನಿಂದ ಹಿಡಿದು ಎಲ್ಲವನ್ನೂ ಒದರಿಬಿಟ್ಟ.

ಬೈಗುಳ ಬರಲಿಲ್ಲ. ಮೇಡಂ ಪಿಸುಗುಟ್ಟಿದರು: "ಅಂದ್ರೆ ಆ ಮಹಾತಾಯಿ ನಾವು ಕೈ ತೊಳೆದ ನೀರು ಕುಡ್ಕೊಂಡು ಇಲ್ಲೇ ಇದ್ಳಾ? ತವರು ನಮ್ಮ ಹಿತ್ತಲೇನಾ? ನಡಿಯಯ್ಯ, ತೋರ್ಸು! ನಿನ್ನ ಆದೇಶಕ್ಕೆ ಅವಳ ಮುಂದೇನೇ ಸಹಿ!"

ಎಲ್ಲರೂ ಬಾಗಿಲಿಗೆ ನುಗ್ಗಿದರು. ಅಂಟಣ್ಣ ಕದಲಲಿಲ್ಲ.

"ಒಂದೇ ಇತ್ತು ಮೇಡಂ. ಸಾಕ್ಷಿ ಉಳೀಬಾರ್ದು ಅಂತ ಬೇರು ಸಮೇತ ಕಿತ್ತು ಟೀ ಒಲೆಗೆ ಹಾಕ್ಬಿಟ್ಟೆ."

"ಅದಕ್ಕೇ ಇವತ್ತು ಟೀ ಹೊಗೆ ವಾಸ್ನೆ!" ಎಂದಳು ಟೈಪಿಸ್ಟ್ ಅಕ್ಕ.

ಆದೇಶ ಮೇಜಿನ ಖಾನೆಯಲ್ಲೇ ಉಳಿಯಿತು. ಇನ್ನೊಂದು ಗಿಡ ಸಿಗುವ ತನಕ ಸಹಿಯಿಲ್ಲ. ಅಂಟಣ್ಣ ಈಗಲೂ ಕಂಡಕಂಡ ನಲ್ಲಿಗಳ ಹಿಂದೆ ಬಗ್ಗಿ ನೋಡುತ್ತಿದ್ದಾನೆ. ಅದಕ್ಕೇ ಹೇಳುವುದು, ಈ ಕತೆಯನ್ನು ಗುರುತಿನವರಿಗೆಲ್ಲ ಕಳಿಸಿ. ಬೂದು ಎಲೆಯ, ಅಂಗಿ ಗುಂಡಿಯಷ್ಟು ಹಳದಿ ಹೂವಿನ ಕಳೆ ಎಲ್ಲಾದರೂ ಕಂಡರೆ, ದಮ್ಮಯ್ಯ, ಕೀಳಬೇಡಿ. ಮೊದಲು ಫೋನ್ ಮಾಡಿ.