ಆನಿಕಾಲಿನ ಗುಳಿಗಿ ನುಂಗಿಸಿದ್ದು

ಆನಿಕಾಲಿನ ಗುಳಿಗಿ ನುಂಗಿಸೋ ಕೆಲಸ ಅಂದ್ರ ದಿನಾ ಒಂದು ತಮಾಷಾ, ದಿನಾ ಎದಿ ಧಡಧಡ. ಆರೋಗ್ಯ ಇಲಾಖಿ ಗುಳಿಗಿ ಕೊಡ್ತದ, ಊರವರು ಜೋಡಿ ನಿಲ್ತಾರ, ನುಂಗಿಸೋಳು ನಾನು. ಸೊಳ್ಳಿ ಹಚ್ಚೋ ಈ ರೋಗ ನಮ್ಮವ್ವನ ಕಾಲು ಕಂಬ ಮಾಡಿತ್ತು. ಅದಕ್ಕ ಯಾರರೆ ‘ಬ್ಯಾಡ’ ಅಂದ್ರ ನನಗ ಹೊಟ್ಟಿ ಉರೀತದ. ನನ್ನ ಕಣ್ಣೆದುರೇ ನುಂಗಬೇಕು, ಅದೂ ಉಂಡ ಮ್ಯಾಲ. ಇಷ್ಟಕ್ಕೇ ಜೀವ ಹೋಗ್ತದ.

೧. ಖಾಲಾನ ಬಾಯಿ

ಬೀದರದ ಹಳೇ ಓಣಿ. ಗುಳಿಗಿ ನುಂಗ್ರಿ ಅಂತ ಮಸೀದಿ ಮೈಕಿನಾಗ ಹೇಳಿಸಿದ್ದೆವು. ಆದರೂ ಒಂದು ಮನ್ಯಾಗ ಹಿರೀ ಅತ್ತಿ, ಓಣಿಗೆಲ್ಲ ‘ಖಾಲಾ’, ಆಕಿ ನುಂಗಿದ್ರ ಸೊಸಿಯಂದಿರು ನುಂಗ್ತಾರ, ಆಕಿ ಬಿಟ್ರ ಎಲ್ಲರೂ ಬಿಟ್ರು. ಖಾಲಾ ಗುಳಿಗಿ ಹಾಕ್ಕೊಂಡು ನೀರು ಕುಡದು ಬಾಯಿ ಮುಚ್ಚಿದ್ಲು.

“ನುಂಗಿದ್ರೇನ್ ಖಾಲಾ?” ಹೂಂ ಅಂತ ಗೋಣು ಹಾಕಿದ್ಲು. “ಬಾಯಿ ತೆರೀರಿ.” ಊಹೂಂ.

“ಹೋಗ್ಲಿ ಬಿಡ್ರಿ. ಬಾಜೂ ಮನ್ಯಾಗ ಚಾ ಕುಡದೆ. ಅಂಥಾ ಚಾ ಈ ಓಣಿಯಾಗೇ ಇಲ್ಲ.”

“ಉಸ್ಕೀ ಚಾಯ್? ಆಕಿ ಏನ್ ಚಾ ಮಾಡ್ತಾಳ!” ಬಾಯಾಗಿನ ಗುಳಿಗಿ ಟಣ್ಣಂತ ತಾಟಿನಾಗ ಬಿತ್ತು.

ಹೊಸಾ ಗುಳಿಗಿ ನುಂಗಿದ ಮ್ಯಾಲ ತಾನೇ ಚಾ ಮಾಡಿ ತಂದು, ನಾ ಪೂರಾ ನುಂಗೋತನಕ ನನ್ನ ಬಾಯಿ ನೋಡ್ಕೋತ ಕೂತ್ಲು.

೨. ರುಮಾಲಿನ ಪಾಲು

ಭಾಲ್ಕಿ ಕಡೀದೊಂದು ಹಳ್ಳಿ. ಎತ್ತರ ನೋಡಿ ಗುಳಿಗಿ ಕೊಡಬೇಕು, ಎತ್ತರ ಹೆಚ್ಚಿದ್ರ ಗುಳಿಗಿ ಹೆಚ್ಚು. ಊರ ಹಿರ್ಯಾ ಅಳತೀ ಕೋಲಿಗಿ ಬೆನ್ನು ಹಚ್ಚಿ ನಿಂತ್ರು, ತಲಿ ಮ್ಯಾಲ ಗೇಣುದ್ದ ರುಮಾಲು.

“ರುಮಾಲು ತೆಗೀರಿ ಕಾಕಾ.”

“ನಾಕು ಮಂದ್ಯಾಗ ರುಮಾಲು ತೆಗಿ ಅಂತೀರಿ? ನಾ ಹೊಂಟೆ!”

ಅವರ ಹಿಂದ ಇಡೀ ಸಾಲೇ ತಿರುಗಿತು. ಸತ್ತೆ ಅನ್ಕೊಂಡೆ. ಓಡಿ ಅಡ್ಡ ನಿಂತು, ಅವರ ಹಣಿ ಮ್ಯಾಲ ಬೆರಳಿಟ್ಟು ಅಂದಾಜು ಅಳದು ಗುಳಿಗಿ ಕೊಟ್ಟೆ. ಅಂಗೈ ನೋಡಿ ಕಾಕಾ ಗರಂ ಆದ್ರು.

“ರುಮಾಲಿನ ಪಾಲಿಂದು ಎಲ್ರಿ?”

೩. ಊಟ ಆಗ್ಯಾದ್ರಿ

ಔರಾದಿನ ಓಣಿ ಒಂದು ಗುಳಿಗಿ ಬಗ್ಗಿ ಮೊದಲೇ ಅನುಮಾನದಾಗಿತ್ತು. ಅಲ್ಲಿನ ಯುವಕ ಸಂಘದ ಅಧ್ಯಕ್ಷ ನಮಗ ಜೋಡಿಯಾದ. “ಎಲ್ಲರೆದುರು ಮೊದ್ಲು ನಾ ನುಂಗ್ತೇನ್ರಿ.”

“ಊಟ ಆಗ್ಯಾದೇನ್ರಿ?”

“ಆಗ್ಯಾದ್ರಿ, ಹೊಟ್ಟಿ ತುಂಬ.”

ನುಂಗಿದ. ಮಂದಿ ಚಪ್ಪಾಳಿ ಹೊಡದ್ರು. ಸ್ವಲ್ಪ ಹೊತ್ತಿಗಿ ಕಣ್ಣು ತಿರುಗಿಸಿ ಗ್ವಾಡಿಗಿ ಕುಸದ. ಅಂಗಿಯೆಲ್ಲ ಬೆವರು.

“ಏನ್ ಕೊಟ್ರಿ ನಮ್ಮ ಹುಡುಗಗ?” ಒಬ್ಬ ನನ್ನ ಗುಳಿಗಿ ಡಬ್ಬಿ ಕಸ್ಗೊಂಡ. ಸುತ್ತ ಮಂದಿ. ಖರೇ ಹೇಳ್ತೇನಿ, ಓಡಿ ಹೋಗೋಣ ಅನಿಸ್ತು, ಆದ್ರ ನಿಂತೆ. ಇವತ್ತು ಈ ಓಣಿ ಬಿಟ್ರ ಮುಂದ ಇಲ್ಲಿ ಯಾರೂ ಬಾಯಿ ತೆರಿಯೋದಿಲ್ಲ.

ನಮ್ಮ ಜೋಡಿ ಬಂದಿದ್ದ ದವಾಖಾನಿ ಸಿಸ್ಟರ್ ಓಡಿ ಬಂದು ನಾಡಿ ಹಿಡದು ಕೇಳಿದ್ರು: “ಏನ್ ಉಂಡೀರಿ?” ಅವ ಮಾರಿ ತಿರುಗಿಸಿದ. ಅವನ ಮನಿಯಿಂದ ಹೆಂಡ್ತಿ ಓಡಿ ಬಂದ್ಲು.

“ಎಲ್ಲಿ ಊಟರಿ? ಪಲ್ಯಾಕ್ಕ ಉಪ್ಪು ಹೆಚ್ಚಾಗ್ಯಾದಂತ ನಿನ್ನಿ ತಾಟು ಸರಿಸಿ ಎದ್ದಾನ. ಇವತ್ತೂ ಸಿಟ್ಟಿಲೆ ಮುಟ್ಟಿಲ್ಲ!”

“ಮನೀ ಜಗಳ ಓಣ್ಯಾಗ ಹ್ಯಾಂಗ ಹೇಳ್ಲಿ?” ಅಂತ ಅವ ಗೊಣಗಿದ.

“ಖಾಲಿ ಹೊಟ್ಟಿದು, ಉಣ್ಣಿಸ್ರಿ,” ಅಂದ್ರು ಸಿಸ್ಟರ್. ಹೆಂಡ್ತಿ ರೊಟ್ಟಿ, ಪಲ್ಯಾ ತಂದು ಮುಂದಿಟ್ಲು. ಇಡೀ ಓಣಿ ಉಸಿರು ಹಿಡದು ನೋಡಿತು. ಉಂಡ, ನೀರು ಕುಡದ, ಮಾರಿ ಮ್ಯಾಲ ಕಳಾ ಬಂತು.

ಡಬ್ಬಿ ಕಸ್ಗೊಂಡವ ಕೇಳಿದ: “ಉಪ್ಪು ಹ್ಯಾಂಗದಲೇ?”

ಅವ ಹೆಂಡ್ತಿ ಮಾರಿ ನೋಡಿದ. “ಬರೋಬ್ಬರಿ ಅದ.”

ಓಣಿ ಬಿದ್ದು ಬಿದ್ದು ನಕ್ಕಿತು. ಡಬ್ಬಿ ನನ್ನ ಕೈಗಿ ಬಂತು. “ಉಂಡು ಬರ್ತೇವ್ರಿ ಅಕ್ಕಾರ,” ಅಂತ ಎಲ್ಲರೂ ಮನಿಗಿ ಹೋದ್ರು, ತಿರುಗಿ ಬಂದು ನುಂಗಿದ್ರು. ಅವತ್ತು ಆ ಓಣಿಯಾಗ ಒಬ್ಬ ಗಂಡಸೂ ಉಪ್ಪು ಹೆಚ್ಚು, ಖಾರ ಕಡಿಮಿ ಅಂತ ಪಲ್ಯಾಕ್ಕ ಹೆಸರಿಡಲಿಲ್ಲ.