ಗದ್ದೆ ರೇಸಿನಲ್ಲಿ ನನ್ನ ಬಾವುಟ

ಎಪ್ಪತ್ತು, ಎಂಬತ್ತರ ದಶಕದಲ್ಲಿ ಪುತ್ತೂರು, ಸುಳ್ಯ, ಕಡಬದ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಹಳೇ ಕಾರು, ಜೀಪುಗಳ ರೇಸು ಎಷ್ಟು ನಡೆದರೂ ಬಾವುಟ ಬೀಸಿದವ ನಾನೊಬ್ಬನೇ. ನನ್ನ ಬಾವುಟ ಒಂದು ಸಲವೂ ತಪ್ಪಿ ಬೀಸಿದ್ದಿಲ್ಲ. ಸಾಕ್ಷಿ ಬೇಕಿದ್ದರೆ ನೀವು ಸ್ವಲ್ಪ ಬೇಗ ಬರಬೇಕಿತ್ತು, ನೋಡಿದವರೆಲ್ಲ ತೀರಿಹೋದರು. ಎಡವಟ್ಟುಗಳಂತೂ ಆಗುತ್ತಲೇ ಇದ್ದವು. ಅವೆಲ್ಲ ಬೇರೆಯವರದ್ದು.

೧. ರೈಟ್, ಪೋಯಿ!

ಮೊದಲ ರೇಸು ಕಬಕದ ಹತ್ತಿರ. ನಾನಾಗ ಬಸ್ಸಿನ ಕ್ಲೀನರ್. ಕೈ ಉದ್ದ ಉಂಟು ಅಂತ ರೇಸು ನಡೆಸುವ ಯಜಮಾನರು ನನಗೇ ಬಾವುಟ ಕೊಟ್ಟು, "ಒಮ್ಮೆ ತಪ್ಪಿದರೂ ಬಾವುಟ ಬೇರೆಯವನಿಗೆ" ಎಂದರು. ಶಾಲೆಯ ಮೆಟ್ಟಿಲು ಹತ್ತದವನಿಗೆ ಅಷ್ಟು ಜನರೆದುರು ನಿಲ್ಲುವ ಭಾಗ್ಯ! ಅವರನ್ನು ನೆನೆದೇ ನಾನು ಊಟ ಮಾಡುದು.

ಹಸಿರು ಬಾವುಟ ಬೀಸಿದೆ. ಒಂದು ಗಾಡಿಯೂ ಅಲುಗಲಿಲ್ಲ. ಓಡಿಸುವವರೆಲ್ಲ ವಾರವಿಡೀ ಬಸ್ಸು, ಸರ್ವಿಸ್ ಜೀಪಿನ ಡ್ರೈವರುಗಳು. ಹತ್ತಿರದ ಕಾರಿನ ತಗಡಿಗೆ ಎರಡು ಬಡಿದು, ಬಸ್ಸು ಹೊರಡಿಸುವ ಹಾಗೆ "ರೈಟ್, ಪೋಯಿ!" ಎಂದೆ. ಬಾಣದ ಹಾಗೆ ಹೋದವು.

ಆಮೇಲೆ ಮುಂದಿದ್ದ ಜೀಪು ತಿರುವಿನಲ್ಲಿ ಗಕ್ಕನೆ ನಿಂತಿತು. ಹುಣಿಯ, ಅಂದರೆ ಗದ್ದೆಯ ಬದುವಿನ ಮೇಲೆ ಒಬ್ಬರು ಅಜ್ಜಿ ಕೈ ಅಡ್ಡ ಹಿಡಿದಿದ್ದರು.

"ಎಂತ ನಿಲ್ಲಿಸಿದ್ದು ಮಾರಾಯ?" ಎಂದು ಬೊಬ್ಬೆ ಹಾಕಿದೆ.

"ಕೈ ತೋರಿಸಿದ್ರಲ್ಲ!" ಎಂದ ಡ್ರೈವರು.

ಅಜ್ಜಿ ಹತ್ತಿ, "ಪುತ್ತೂರಿಗೆ ಒಂದು" ಎಂದರು. ರೇಸು ಮುಗಿದ ಮೇಲೆ ಇಳಿದು, "ಇಷ್ಟು ಹೊತ್ತು ಓಡಿಸಿದರೂ ಪುತ್ತೂರು ಬರಲಿಲ್ಲ, ನಾನು ದುಡ್ಡು ಕೊಡುದಿಲ್ಲ" ಎಂದು ನಡೆದೇ ಹೋದರು.

೨. ಕೆಂಪು ಬಾವುಟ

ಮರ್ಕಂಜದಲ್ಲಿ ಒಂದು ಕಾರು ಬೈಹುಲ್ಲಿನ ರಾಶಿಯೊಳಗೆ ನುಗ್ಗಿತು. ರೇಸು ನಿಲ್ಲಿಸಲು ಕೆಂಪು ಬಾವುಟ ಎತ್ತಿದೆ. ಆ ಕಡೆ ಆಗ ಬಾವಿ ತೋಡುವಾಗ ಬಂಡೆಗೆ ಮದ್ದು ಇಟ್ಟು, ಕಲ್ಲು ಹಾರುವ ಮೊದಲು ಕೆಂಪು ಬಟ್ಟೆ ಎತ್ತುವ ಪದ್ಧತಿ. ಜನರೆಲ್ಲ ಹುಣಿಯ ಮರೆಯಲ್ಲಿ ಬೋರಲು. ಡ್ರೈವರುಗಳು ಅವರವರ ಗಾಡಿಯ ಅಡಿಯಲ್ಲಿ.

"ಮದ್ದು ಎಲ್ಲಿ ಇಟ್ಟದ್ದು?" ಯಜಮಾನರು ಮೇಜಿನ ಅಡಿಯಿಂದ ಕೇಳಿದರು.

"ಮದ್ದೂ ಇಲ್ಲ, ಎಂತದೂ ಇಲ್ಲ, ಏಳಿ!"

"ಸಿಡಿಯದೆ ಹೇಗೆ ಏಳುದು?"

ಕೊನೆಗೆ ಒಂದು ಗರ್ನಾಲು ಪಟಾಕಿ ಹೊಡೆಸಿದ ಮೇಲೆಯೇ ಊರಿಗೆ ಊರೇ ಎದ್ದು ಕೂತದ್ದು.

೩. ಚೌಕುಳಿ

ರೇಸು ಮುಗಿಯಿತೆಂದು ತೋರಿಸಲು ಕಪ್ಪು ಬಿಳಿ ಚೌಕುಳಿಯ ಬಾವುಟ. ಪುತ್ತೂರಿನ ಒಬ್ಬರು ದರ್ಜಿ ಅದನ್ನು ಪುಕ್ಕಟೆ ಹೊಲಿದು, ಉಳಿದ ಬಟ್ಟೆಯಲ್ಲಿ ನನಗೊಂದು ಲುಂಗಿಯನ್ನೂ ಕೊಟ್ಟರು. ದೇವರಂಥ ಮನುಷ್ಯ.

ನೆಲ್ಯಾಡಿಯ ರೇಸಿನಲ್ಲಿ, ಕೇರಳದಿಂದ ಬಂದು ರಬ್ಬರ್ ತೋಟ ಮಾಡಿದವರೊಬ್ಬರು ಎಲ್ಲರಿಗಿಂತ ಮುಂದೆ. ಅವರನ್ನು ನಾವು ಚೇಟ, ಅವರ ಭಾಷೆಯಲ್ಲಿ ಅಣ್ಣ, ಎಂದೇ ಕರೆಯುದು. ಇನ್ನೊಂದು ಸುತ್ತು ಬಾಕಿ ಇರುವಾಗ ಹುಣಿಯ ಮೇಲೆ ಯಾರೋ ಸಡಿಲಾದ ಲುಂಗಿ ಬಿಚ್ಚಿ, ಕೊಡವಿ, ಮತ್ತೆ ಸುತ್ತಿದ. ಚೌಕುಳಿ ಕಂಡದ್ದೇ ಚೇಟ ಗೆದ್ದೆನೆಂದು ಜೀಪು ನಿಲ್ಲಿಸಿ, ಇಳಿದು, ಶಿಲುಬೆಯ ಗುರುತು ಹಾಕಿಕೊಂಡರು. ಬಹುಮಾನದ ತಾಮ್ರದ ಹಂಡೆ ಹಿಂದಿನವನಿಗೆ ಹೋಯಿತು.

ಮೊನ್ನೆ ಗುಂಡ್ಯದ ಹೋಟೆಲಿನಲ್ಲಿ ಇದನ್ನೇ ಹೇಳಿ, "ಧೂಳಿನಲ್ಲಿ ಮುಖ ಕಾಣಲಿಲ್ಲ, ಆ ಲುಂಗಿಯವ ಯಾರೆಂದು ಇವತ್ತಿಗೂ ಗೊತ್ತಿಲ್ಲ" ಎಂದೆ. ಮೂಲೆಯಲ್ಲಿದ್ದ ಮುದುಕರೊಬ್ಬರು ಚಹಾದ ಗ್ಲಾಸು ಕೆಳಗಿಟ್ಟರು. ಚೇಟ! ತೀರಿಹೋದರೆಂದು ಯಾರೋ ನನಗೆ ಹೇಳಿದ್ದರು.

"ನನಗೆ ಗೊತ್ತುಂಟು ಮಾರಾಯ್ರೆ" ಎಂದರು. "ಕೈಯಲ್ಲಿ ಲುಂಗಿ, ಕಂಕುಳಲ್ಲಿ ಬಾವುಟ. ಹೇಳಿದರೆ ನಿಮ್ಮ ಬಾವುಟ ಹೋಗ್ತದೆ ಅಂತ ಬಾಯಿ ಮುಚ್ಚಿದೆ. ನನ್ನ ಹೆಂಡತಿ ಇವತ್ತಿಗೂ ಹಂಡೆ ಕೇಳ್ತಾಳೆ."

ಇಂಥ ಮನುಷ್ಯರು ಇನ್ನೆಲ್ಲಿ ಸಿಗುದು! ನಾನು ಹೆಗಲು ಕುಣಿಸಿದೆ.

"ಬಾವುಟ ತಪ್ಪಿದ್ದಿಲ್ಲ ಅಂತ ನಾನು ಅಂದದ್ದು, ಚೇಟ. ಲುಂಗಿಗೆ ನಾನು ಗ್ಯಾರಂಟಿ ಕೊಟ್ಟಿಲ್ಲ."